ಟೊಂಕ ನೋವಿದ್ದವರು ಬೈಕ್ ಓಡಿಸೋದು ಹೇಗೆ? ರಸ್ತೆಯ ಪೆಟ್ಟು ಬೆನ್ನಿಗೆ ಬರುವ ದಾರಿ

ಮಳೆಗಾಲ ಮುಗಿಯುತ್ತಾ ಬಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಸುದ್ದಿ, ಟೊಂಕ. ಕಲಬುರಗಿಯಲ್ಲಿ ಮನೆ ಮಾಡಿಕೊಂಡು ಸೇಡಂ, ಆಳಂದ, ಜೇವರ್ಗಿ ಕಡೆಯ ಹಳ್ಳಿಗಳಿಗೆ ದಿನಾ ಬೈಕ್ ಮೇಲೆ ಹೋಗಿ ಬರುವ ಮಾಸ್ತರರು, ಬ್ಯಾಂಕಿನವರು, ನರ್ಸುಗಳು, ಸೇಲ್ಸ್ ಹುಡುಗರು ಎಷ್ಟು ಜನ ಇದ್ದಾರೆ ಅನ್ನೋದು ಬೆಳಿಗ್ಗೆ 8 ಗಂಟೆಗೆ ರಿಂಗ್ ರೋಡಿನಲ್ಲಿ ಐದು ನಿಮಿಷ ನಿಂತರೆ ಗೊತ್ತಾಗುತ್ತದೆ. ಮಳೆಗೆ ರಸ್ತೆ ತಗ್ಗು ಬೀಳುತ್ತದೆ. ಅದರ ಹಿಂದೆಯೇ ಒಬ್ಬೊಬ್ಬರದೇ ಟೊಂಕ ಹಿಡಿಯುತ್ತದೆ.

ನನ್ನ ಟೊಂಕ ಹಿಡಿದು ಎಂಟು ವರ್ಷ ಆಯಿತು. ಮೊದಲು ತೋರಿಸಿದ ಡಾಕ್ಟರು "ಬೈಕ್ ಬಿಟ್ಟುಬಿಡಿ" ಅಂದರು. ಬಿಡೋದು ಹೇಗೆ? ಮಳಖೇಡದವರೆಗೆ ಬಸ್ ಇದೆ, ಅಲ್ಲಿಂದ ಒಳಗಿನ ಊರಿಗೆ ಶಾಲೆಯ ಹೊತ್ತಿಗೆ ಬಸ್ ಇಲ್ಲ. ಹಾಗಾಗಿ ಬೈಕೂ ಇರಬೇಕು, ಬೆನ್ನೂ ಉಳಿಯಬೇಕು ಅಂದರೆ ಏನು ಮಾಡಬೇಕು ಅಂತ ತಿಳಿದುಕೊಳ್ಳಲೇಬೇಕಾಯಿತು. ಡಾಕ್ಟರ್, ಫಿಸಿಯೋಥೆರಪಿಯವರು, ಗ್ಯಾರೇಜಿನ ಮಿಸ್ತ್ರಿ ಮೂವರ ಹತ್ತಿರವೂ ಕಲಿತ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ರಸ್ತೆಯ ಪೆಟ್ಟು ನೇರ ಬೆನ್ನಿಗೆ ಬರುವುದಿಲ್ಲ. ಟೈರು, ಶಾಕ್ ಅಬ್ಸಾರ್ಬರ್, ಸೀಟು, ನಮ್ಮ ಕಾಲು ಇವೆಲ್ಲವನ್ನೂ ದಾಟಿ ಬರುತ್ತದೆ. ಒಬ್ಬೊಬ್ಬರೂ ತಮ್ಮ ಪಾಲಿನ ಪೆಟ್ಟು ತಿಂದರೆ ಬೆನ್ನಿಗೆ ಉಳಿಯೋದು ಸ್ವಲ್ಪ. ಯಾರೋ ಒಬ್ಬರು ಕೆಲಸ ಬಿಟ್ಟರೆ ಅವರ ಪಾಲೂ ಟೊಂಕದ ಮೇಲೇ ಬೀಳುತ್ತದೆ.

ಟೊಂಕದ ಒಳಗೆ ಏನಿದೆ?

ಬೆನ್ನುಮೂಳೆಯ ಕೆಳಭಾಗದಲ್ಲಿ, ಅಂದರೆ ನಾವು ಟೊಂಕ, ನಡ ಅಂತ ಕರೆಯುವ ಜಾಗದಲ್ಲಿ, ಐದು ಮೂಳೆಗಳಿವೆ. ಡಾಕ್ಟರು ಇವನ್ನು ಎಲ್1ರಿಂದ ಎಲ್5 ಅಂತ ಎಣಿಸುತ್ತಾರೆ. ಅದರ ಕೆಳಗಿನದು ಎಸ್1. ಎರಡು ಮೂಳೆಗಳ ನಡುವೆ ಒಂದೊಂದು ಮೆತ್ತೆ ಇರುತ್ತದೆ, ಅದೇ ಡಿಸ್ಕ್. ಮೇಲಿನ ಮೈಯ ಭಾರವೆಲ್ಲ ಬಂದು ಕೂರುವುದು ಕೆಳಗಿನ ಎರಡು ಮೆತ್ತೆಗಳ ಮೇಲೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಎಲ್4-ಎಲ್5, ಎಲ್5-ಎಸ್1 ಅನ್ನುವ ಹೆಸರುಗಳೇ ಜಾಸ್ತಿ ಕಾಣಿಸುವುದು ಅದಕ್ಕೇ.

ಡಿಸ್ಕ್ ಹೇಗಿರುತ್ತದೆ ಅಂದರೆ ಹೋಳಿಗೆಯನ್ನು ನೆನಪು ಮಾಡಿಕೊಳ್ಳಿ. ಹೊರಗೆ ಕಣಕ, ಒಳಗೆ ಹೂರಣ. ಡಿಸ್ಕಿನ ಹೊರಸುತ್ತು ಗಟ್ಟಿ ನಾರಿನದು, ಒಳಗಿರೋದು ಮೆದು ಲೋಳೆ. ಲಟ್ಟಿಸುವಾಗ ಒಂದು ಅಂಚಿಗೇ ಭಾರ ಹಾಕಿದರೆ ಹೂರಣ ಇನ್ನೊಂದು ಅಂಚಿಗೆ ಸರಿಯುತ್ತದೆ ಅಲ್ವಾ? ಅಲ್ಲಿ ಕಣಕ ತೆಳುವಾಗಿದ್ದರೆ ಹರಿದು ಹೊರಗೆ ಬರುತ್ತದೆ. ನಾವು ಮುಂದಕ್ಕೆ ಬಾಗಿ ಗೂನಾಗಿ ಕೂತಾಗ ಡಿಸ್ಕಿನ ಮುಂದಿನ ಅಂಚು ಒತ್ತುತ್ತದೆ, ಒಳಗಿನ ಲೋಳೆ ಹಿಂದಕ್ಕೆ ಸರಿಯುತ್ತದೆ. ಹಿಂದೆ ನರಗಳಿವೆ. ಹೊರಗೆ ಬಂದ ಹೂರಣ ನರಕ್ಕೆ ತಾಗಿದರೆ ನೋವು ಕುಂಡೆಯಿಂದ ತೊಡೆ, ಮೀನಖಂಡ ಹಿಡಿದು ಪಾದದವರೆಗೂ ಇಳಿಯುತ್ತದೆ. ಇದಕ್ಕೇ ಸಯಾಟಿಕಾ ಅನ್ನೋದು. "ಡಿಸ್ಕ್ ಜಾರಿದೆ" ಅನ್ನುತ್ತಾರಲ್ಲ, ಡಿಸ್ಕ್ ಎಲ್ಲಿಗೂ ಜಾರಿರುವುದಿಲ್ಲ, ಒಳಗಿನದು ಉಬ್ಬಿರುತ್ತದೆ ಅಷ್ಟೇ.

ಎಲ್ಲರ ಟೊಂಕ ನೋವೂ ಡಿಸ್ಕಿನದಲ್ಲ. ಹೆಚ್ಚಿನವರಲ್ಲಿ ಸ್ನಾಯು, ಕೀಲು, ನಾರು ಎಲ್ಲ ಸೇರಿಕೊಂಡಿರುತ್ತವೆ, ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಮೂರು ತಿಂಗಳಿಗಿಂತ ಜಾಸ್ತಿ ಉಳಿದರೆ ಅದನ್ನು ದೀರ್ಘಕಾಲದ ನೋವು ಅನ್ನುತ್ತಾರೆ.

ಇನ್ನೊಂದು ಸಂಗತಿ ಬೈಕಿನವರಿಗೆ ಬಹಳ ಮುಖ್ಯ. ದೊಡ್ಡವರ ಡಿಸ್ಕಿನ ಒಳಗೆ ರಕ್ತನಾಳ ಇಲ್ಲ. ಸ್ಪಂಜು ಹಿಂಡಿ ಬಿಟ್ಟರೆ ನೀರು ಕುಡಿಯುವ ಹಾಗೆ, ನಾವು ಅಲುಗಾಡಿದಾಗ ಒತ್ತಿ ಬಿಟ್ಟು ಒತ್ತಿ ಬಿಟ್ಟು ಅದಕ್ಕೆ ಪೋಷಣೆ ಸಿಗುತ್ತದೆ. ಒಂದೇ ಭಂಗಿಯಲ್ಲಿ ಒಂದು ತಾಸು ಕೂತರೆ ಅದು ಸಿಗುವುದಿಲ್ಲ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಹಾಗಾಗಿ ಎದ್ದ ಮೊದಲ ಒಂದು ತಾಸು ಟೊಂಕ ಬಿಗಿ ಇರುತ್ತದೆ. ಎದ್ದ ತಕ್ಷಣ ಮುಖ ತೊಳೆದು ಗಾಡಿ ಹತ್ತುವವರು ಹತ್ತು ನಿಮಿಷ ಸುಮ್ನೆ ನಡೆದಾಡಿ ಹತ್ತಿದರೆ ಆ ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ.

ನಮ್ಮ ಕಡೆಯ ರಸ್ತೆ ಯಾಕೆ ಹೀಗೆ?

ಕಲಬುರಗಿ, ಯಾದಗಿರಿ ಸುತ್ತ ಬಹುತೇಕ ಎರೆ ಭೂಮಿ. ಎರೆ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದಲ್ಲ, ಅದೇ ಕೆಲಸ ರಸ್ತೆಯ ಕೆಳಗೂ ನಡೆಯುತ್ತದೆ. ಒಂದು ಕಡೆ ಎದ್ದು ಒಂದು ಕಡೆ ಕೂತು ಡಾಂಬರು ಅಲೆ ಅಲೆಯಾಗುತ್ತದೆ. ಅದರ ಮೇಲೆ ಸೇಡಂ, ವಾಡಿ, ಮಳಖೇಡ ಕಡೆಯ ಸಿಮೆಂಟ್ ಲಾರಿಗಳ ಭಾರ. ಬೀದರ್ ಕಡೆ ಕೆಂಪು ಮುರಕಲ್ಲಿನ ನೆಲ, ಅದು ಹೀಗೆ ಉಬ್ಬಿ ಕುಗ್ಗುವುದಿಲ್ಲ.

ತಗ್ಗು ಕಣ್ಣಿಗೆ ಬೀಳುತ್ತದೆ, ತಪ್ಪಿಸಬಹುದು. ಈ ಅಲೆ ಕಾಣುವುದಿಲ್ಲ, ಟೊಂಕಕ್ಕೆ ಜಾಸ್ತಿ ಕಾಟ ಕೊಡೋದು ಅದೇ ಅಂತ ನನ್ನ ಅನುಭವ. ಕಾರಣವೂ ಇದೆ. ಜೋಕಾಲಿಗೆ ಅದರದೇ ಒಂದು ಲಯ ಇರುತ್ತದೆ, ಆ ಲಯಕ್ಕೆ ಸರಿಯಾಗಿ ನೂಕಿದರೆ ಸಣ್ಣ ನೂಕಿಗೂ ಎತ್ತರಕ್ಕೆ ಹೋಗುತ್ತದೆ. ಕೂತಿರುವ ಮನುಷ್ಯನ ಬೆನ್ನಿಗೂ ಅಂಥ ಲಯ ಇದೆ, ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ. ಆ ಲಯದಲ್ಲಿ ಕೆಳಗಿನಿಂದ ಕುಲುಕು ಬಂದರೆ ಬೆನ್ನು ಅದನ್ನು ಇನ್ನೂ ದೊಡ್ಡದು ಮಾಡಿಕೊಳ್ಳುತ್ತದೆ. ಟ್ರ್ಯಾಕ್ಟರ್, ಲಾರಿ ಓಡಿಸುವವರಲ್ಲಿ ಬೆನ್ನುನೋವು ಹೆಚ್ಚಿರೋದಕ್ಕೆ ಇದೂ ಒಂದು ಕಾರಣ.

ಈಗ ಲೆಕ್ಕ ನೋಡಿ. 60 ಕಿಲೋಮೀಟರ್ ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ರಸ್ತೆಯ ಅಲೆ 3-4 ಮೀಟರಿಗೊಂದು ಇದ್ದರೆ ಸೆಕೆಂಡಿಗೆ 4-5 ಕುಲುಕು, ಸರಿಯಾಗಿ ಬೆನ್ನಿನ ಲಯಕ್ಕೇ. ಅದೇ ರಸ್ತೆಯಲ್ಲಿ 40ಕ್ಕೆ ಇಳಿದರೆ ಕುಲುಕು ಸೆಕೆಂಡಿಗೆ ಮೂರರ ಆಸುಪಾಸಿಗೆ ಬರುತ್ತದೆ, ಬೆನ್ನಿಗೆ ಬಿಡುವು ಸಿಗುತ್ತದೆ. ಇಷ್ಟು ದಿನ "ಈ ತುಕಡಿ ಬಂದ್ರೆ ಟೊಂಕ ಹಿಡೀತದ" ಅಂತಿದ್ದ ಜಾಗದಲ್ಲಿ ಸುಮ್ನೆ ವೇಗ ಬದಲಿಸಿ ನೋಡಿ.

ವೇಗದ ಇನ್ನೊಂದು ಲೆಕ್ಕವೂ ಇದೆ. ಒಂದೇ ಹಂಪನ್ನು 30ರಲ್ಲಿ ಹತ್ತಿದರೂ 60ರಲ್ಲಿ ಹತ್ತಿದರೂ ಗಾಲಿ ಏರುವ ಎತ್ತರ ಒಂದೇ. ಆದರೆ ಏರಲು ಸಿಗುವ ಹೊತ್ತು ಅರ್ಧ. ಮೇಲೆ ಚಿಮ್ಮುವ ವೇಗ ಎರಡು ಪಟ್ಟು, ಅದರ ಹಿಂದಿನ ಶಕ್ತಿ ನಾಲ್ಕು ಪಟ್ಟು.

ಟೈರು: ಪೆಟ್ಟು ತಿನ್ನುವ ಮೊದಲನೆಯವ

ಟೈರು ಅಂದರೆ ಗಾಳಿ ತುಂಬಿದ ಮೆತ್ತೆ. ಗಾಳಿ ಜಾಸ್ತಿ ಆದರೆ ಅದು ಕಲ್ಲು. 100 ಸಿಸಿ ಬೈಕುಗಳಿಗೆ ಸಾಮಾನ್ಯವಾಗಿ ಮುಂದೆ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಒಬ್ಬರೇ ಇದ್ದರೆ ಹಿಂದೆ 28ರ ಆಸುಪಾಸು ಸಾಕು, ಇಬ್ಬರಾದರೆ ಹಿಂದೆ ಅದಕ್ಕಿಂತ ಜಾಸ್ತಿ ಬೇಕು. ನಿಮ್ಮ ಗಾಡಿಯ ಅಂಕಿ ಮ್ಯಾನುಯಲ್‌ನಲ್ಲಿ, ಕೆಲವು ಗಾಡಿಗಳಲ್ಲಿ ಚೈನ್ ಕವರಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಏನೂ ಹೇಳದಿದ್ದರೆ ಎಷ್ಟೋ ಸಲ ಎರಡಕ್ಕೂ 35-40 ಹೊಡೆದು ಕಳಿಸುತ್ತಾರೆ. ನಿಂತು, ಅಂಕಿ ಹೇಳಿ, ಹಾಕಿಸಿಕೊಳ್ಳಿ. ಮುಂಜಾನೆ ಟೈರು ತಣ್ಣಗಿರುವಾಗಲೇ ನೋಡಬೇಕು, ಯಾಕಂದರೆ ಓಡಿದ ಟೈರಿನಲ್ಲಿ ಗಾಳಿ ಬಿಸಿಯಾಗಿ ಅಂಕಿ ಏರಿರುತ್ತದೆ. ನೋವು ಕಮ್ಮಿ ಆಗಲಿ ಅಂತ ಹೇಳಿದ ಅಂಕಿಗಿಂತ ಇಳಿಸಬೇಡಿ. ತಗ್ಗಿಗೆ ಬಿದ್ದಾಗ ರಿಮ್ ಬಾಗುತ್ತದೆ, ತಿರುವಿನಲ್ಲಿ ಗಾಡಿ ಹಿಡಿತ ಬಿಡುತ್ತದೆ.

ಶಾಕ್ ಅಬ್ಸಾರ್ಬರ್: ಯಾರೂ ನೋಡದ ಐದು ಕಟ್ಟುಗಳು

ನನ್ನ ಬೈಕು ಸೆಕೆಂಡ್ ಹ್ಯಾಂಡ್. ಎರಡು ವರ್ಷ ಓಡಿಸಿದ ಮೇಲೆ ಒಂದು ಸಂಜೆ ಸೇಡಂ ರೋಡಿನ ಗ್ಯಾರೇಜಿನಲ್ಲಿ ಚೈನ್ ಬಿಗಿ ಮಾಡಿಸಲು ನಿಲ್ಲಿಸಿದ್ದೆ. ಮಿಸ್ತ್ರಿ ಹಿಂದಿನ ಶಾಕ್ ಅಬ್ಸಾರ್ಬರ್ ಬುಡದ ಧೂಳು ಬಟ್ಟೆಯಿಂದ ಒರೆಸಿ ನೋಡಿ ಕೇಳಿದ:

"ಸರ್, ನೀವ್ ಒಬ್ರೇ ಓಡಾಡ್ತೀರಿ ಏನ್ರೀ?"

"ಹೌದಪ್ಪಾ, ಒಬ್ಬನೇ."

"ಮತ್ತ ಇದು ಐದನೇ ಕಟ್ಟಿನ್ಯಾಗ ಅದ ಅಲ್ರೀ. ಇಬ್ಬರು ಕುಂತು ಮ್ಯಾಲ ಒಂದು ಚೀಲ ತೊಗರಿ ಹೇರೋರಿಗಿ ಇದು. ಹಿಂಗಿದ್ರ ಟೊಂಕ ಹಿಡೀಲಾರ್ದ ಏನ್ ಮಾಡ್ತದ್ರೀ?"

ಕೊಕ್ಕೆಯಂಥ ಪಾನಾ ತಂದು ಸ್ಪ್ರಿಂಗಿನ ಕೆಳಗಿನ ಬಳೆಗೆ ಸಿಕ್ಕಿಸಿ ತಿರುಗಿಸಿದ. ಟಕ್, ಟಕ್, ಟಕ್. ಎಡಕ್ಕೆ ಮೂರು, ಬಲಕ್ಕೆ ಮೂರು. ಎರಡು ನಿಮಿಷದ ಕೆಲಸ, ದುಡ್ಡೂ ತೊಗೊಳ್ಳಲಿಲ್ಲ. ಆ ಸಂಜೆ ಮನೆಗೆ ಹೋಗುವಾಗ ಅದೇ ಹಂಪು, ಅದೇ ತಗ್ಗು, ಆದರೆ ಸೀಟು ಕೆಳಗಿನಿಂದ ಗುದ್ದುವುದು ನಿಂತಿತ್ತು.

ಈ ಬಳೆ ತಿರುಗಿಸಿ ಸ್ಪ್ರಿಂಗಿಗೆ ಕೊಡುವ ಬಿಗಿಗೆ ಪ್ರೀಲೋಡ್ ಅನ್ನುತ್ತಾರೆ, ಬಳೆ ನಿಲ್ಲುವ ಒಂದೊಂದು ಮೆಟ್ಟಿಲೇ ಒಂದು ಕಟ್ಟು, ಮೇಲೇರಿದಷ್ಟೂ ಬಿಗಿ ಜಾಸ್ತಿ. ಹೊರಸು ನೆನಪಿಸಿಕೊಳ್ಳಿ. ನುಲಿಯನ್ನು ಬಹಳ ಬಿಗಿ ಎಳೆದು ಕಟ್ಟಿದ ಹೊರಸಿನ ಮೇಲೆ ಸಣ್ಣ ಹುಡುಗ ಮಲಗಿದರೆ ಹಲಗೆಯ ಮೇಲೆ ಮಲಗಿದ ಹಾಗೆ. ಸಡಿಲ ನುಲಿಯ ಮೇಲೆ ದೊಡ್ಡಾಳು ಮಲಗಿದರೆ ಬೆನ್ನು ನೆಲಕ್ಕೆ ತಾಗುತ್ತದೆ. ಶಾಕ್ ಅಬ್ಸಾರ್ಬರ್ ಸ್ಪ್ರಿಂಗೂ ಅಷ್ಟೇ, ಭಾರಕ್ಕೆ ತಕ್ಕ ಬಿಗಿ ಬೇಕು. ನಮ್ಮಲ್ಲಿ ಎರಡು ಶಾಕ್ ಅಬ್ಸಾರ್ಬರ್ ಇರುವ ಬಹಳಷ್ಟು ಬೈಕುಗಳಲ್ಲಿ ಐದು ಕಟ್ಟುಗಳಿರುತ್ತವೆ. ಒಬ್ಬರೇ ಓಡಾಡುವವರು ಕೆಳಗಿನ ಕಟ್ಟಿನಿಂದ ಶುರು ಮಾಡಿ ನೋಡಬಹುದು. ತಗ್ಗಿನಲ್ಲಿ ಢಬ್ ಅಂತ ತಳ ಬಡಿದರೆ ಒಂದೊಂದೇ ಕಟ್ಟು ಮೇಲೆ ಏರಿಸಬೇಕು. ಎರಡೂ ಬದಿ ಒಂದೇ ಕಟ್ಟಿನಲ್ಲಿರಬೇಕು, ಇದನ್ನು ಮರೆಯಬೇಡಿ.

ಸರಿಯಾಗಿದೆಯೋ ಇಲ್ಲವೋ ಅಳೆದೂ ನೋಡಬಹುದು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ, ಹಿಂದಿನ ಗಾಲಿ ನೆಲಕ್ಕೆ ತಾಗದ ಹಾಗೆ ನಿಲ್ಲಿಸಿ, ಹಿಂದಿನ ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಬೋಲ್ಟಿನವರೆಗೆ ಟೇಪ್ ಹಿಡಿಯಿರಿ. ಆಮೇಲೆ ಸ್ಟ್ಯಾಂಡ್ ತೆಗೆದು ನೀವು ಕೂತು, ಇನ್ನೊಬ್ಬರಿಂದ ಅದೇ ಅಳತೆ ತೆಗೆಸಿ. ಗಾಲಿ ಒಟ್ಟು ಎಷ್ಟು ಮೇಲೆ ಕೆಳಗೆ ಆಡುತ್ತದೋ ಅದರ ಮೂರರಲ್ಲಿ ಒಂದು ಪಾಲಿನಷ್ಟು ಕುಸಿದರೆ ಹದ ಸರಿ ಇದೆ. ಸಾಮಾನ್ಯ ಬೈಕಿನಲ್ಲಿ ಅದು ಎರಡೂವರೆ, ಮೂರು ಸೆಂಟಿಮೀಟರ್.

ಸ್ಪ್ರಿಂಗಿನ ಜೊತೆ ಒಳಗೆ ಎಣ್ಣೆಯೂ ಇರುತ್ತದೆ. ಸ್ಪ್ರಿಂಗ್ ಪೆಟ್ಟು ತಿನ್ನುತ್ತದೆ, ಎಣ್ಣೆ ಅದು ವಾಪಸ್ ಚಿಮ್ಮದ ಹಾಗೆ ತಡೆಯುತ್ತದೆ. ಸೀಟಿನ ಹಿಂಭಾಗ ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ. ತೊಟ್ಟಿಲ ಹಾಗೆ ಎರಡು ಮೂರು ಸಲ ಆಡಿದರೆ ಎಣ್ಣೆ ಹೋಗಿದೆ. ರಾಡಿನ ಸುತ್ತ ಜಿಡ್ಡು ಧೂಳು ಮೆತ್ತಿಕೊಂಡಿದ್ದರೂ ಅದೇ ಅರ್ಥ. ಅಂಥದ್ದನ್ನು ಬದಲಿಸಿ. ಬೆನ್ನಿಗಾಗಿ ಗಾಡಿಗೆ ಖರ್ಚು ಮಾಡಬೇಕು ಅಂದರೆ ಮೊದಲ ರೂಪಾಯಿ ಇಲ್ಲಿಗೆ ಹೋಗಲಿ ಅನ್ನೋದು ನನ್ನ ಮಾತು.

ಸೀಟು ಮತ್ತು ಹ್ಯಾಂಡಲ್

ಸೀಟು ಮೆತ್ತಗಿದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಂಗಡಿಯಲ್ಲಿ ಕೂತಾಗ ಮೆತ್ತನೆಯ ಸ್ಪಂಜು ಹಿತವಾಗಿಯೇ ಇರುತ್ತದೆ, ಅರ್ಧ ತಾಸಿನ ಮೇಲೆ ಅದು ಪೂರ್ತಿ ಅಮುಕಿ ಕುಂಡೆಯ ಮೂಳೆ ಕೆಳಗಿನ ಗಟ್ಟಿ ತಳಕ್ಕೆ ಕೂರುತ್ತದೆ. ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ತಳ ಸಿಗಬಾರದು. ಅಗಲ ಇದ್ದು ಸ್ವಲ್ಪ ಬಿಗಿ ಇರುವ ಫೋಮ್ ದೂರದ ದಾರಿಗೆ ಒಳ್ಳೆಯದು. ಸೀಟು ಟ್ಯಾಂಕಿನ ಕಡೆ ಇಳಿಜಾರಾಗಿದ್ದರೆ ಪ್ರತಿ ಬ್ರೇಕಿಗೂ ಜಾರಿ ಮುಂದೆ ಬಂದು ಬೆನ್ನು ಗೂನಾಗುತ್ತದೆ, ಸೀಟ್ ಹೊಲಿಯುವವರಿಗೆ ಹೇಳಿ ಆ ಇಳಿಜಾರು ತೆಗೆಸಬಹುದು.

ಹ್ಯಾಂಡಲ್ ದೂರ ಇದ್ದರೆ ಬಾಗಲೇಬೇಕಾಗುತ್ತದೆ. ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಪೈಪಿನ ಹ್ಯಾಂಡಲ್ ಇರುವ ಗಾಡಿಗಳಲ್ಲಿ ಕ್ಲ್ಯಾಂಪ್ ಸಡಿಲಿಸಿ ಸ್ವಲ್ಪ ತನ್ನ ಕಡೆ ತಿರುಗಿಸಿಕೊಳ್ಳಬಹುದು. ಆಮೇಲೆ ಬ್ರೇಕು, ಕ್ಲಚ್ಚಿನ ಹಿಡಿಗಳನ್ನೂ ಅದಕ್ಕೆ ತಕ್ಕಂತೆ ಸರಿ ಮಾಡಿಸಬೇಕು.

ಕೂರೋದು ಹೇಗೆ, ಏಳೋದು ಯಾವಾಗ

ಟೊಂಕಕ್ಕೆ ಒಂದು ಕೈ ಇಟ್ಟುಕೊಂಡು ಕುರ್ಚಿಯ ಮೇಲೆ ಕೂತು ನೋಡಿ. ಆರಾಮಾಗಿ ಜೋತುಬಿದ್ದು ಕೂತರೆ ಟೊಂಕ ಹೊರಗೆ ಉಬ್ಬಿ ಮೂಳೆಗಳು ಕೈಗೆ ಸಿಗುತ್ತವೆ. ಸೊಂಟವನ್ನು ಸ್ವಲ್ಪ ಮುಂದಕ್ಕೆ ಹೊರಳಿಸಿದರೆ ಅಲ್ಲಿ ಸಣ್ಣ ಕುಳಿ ಬೀಳುತ್ತದೆ. ಆ ಕುಳಿ ಗಾಡಿಯ ಮೇಲೂ ಇರಬೇಕು. ಮುಂದೆ ಬಾಗಬೇಕಾದರೆ ಬೆನ್ನಿನಿಂದ ಬಾಗದೆ ತೊಡೆಯ ಸಂದಿನಿಂದ ಬಾಗಬೇಕು. ಎದೆ ಸೆಟೆದು ಸಿಪಾಯಿಯ ಹಾಗೆ ಕೂರೋದೂ ಬೇಡ, ಅದೂ ಸ್ನಾಯುಗಳನ್ನು ದಣಿಸುತ್ತದೆ. ಹಿಂದಿನ ಜೇಬಿನಲ್ಲಿ ದಪ್ಪ ಪಾಕೀಟು ಇಟ್ಟುಕೊಂಡರೆ ಒಂದು ಕುಂಡೆ ಎತ್ತರವಾಗಿ ಬೆನ್ನು ಪೂರ್ತಿ ದಾರಿ ವಾರೆಯಾಗಿರುತ್ತದೆ, ಅದನ್ನು ಮುಂದಿನ ಜೇಬಿಗೆ ಹಾಕಿ. ಟಿಫಿನ್, ಪುಸ್ತಕದ ಚೀಲ ಬೆನ್ನಿಗೆ ಬೇಡ, ಗಾಡಿಗೆ ಕಟ್ಟಿ.

ಇನ್ನು ಕಾಲು. ಮನುಷ್ಯನ ಮೈಯಲ್ಲಿ ಮೊಣಕಾಲಿಗಿಂತ ಒಳ್ಳೆಯ ಶಾಕ್ ಅಬ್ಸಾರ್ಬರ್ ಇಲ್ಲ. ಹಂಪು, ತಗ್ಗು ಬರುವ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ, ಹತ್ತುವಾಗ ಬ್ರೇಕ್ ಬಿಡಿ. ಬ್ರೇಕ್ ಹಿಡಿದೇ ಹತ್ತಿದರೆ ಮುಂದಿನ ಫೋರ್ಕ್, ಅಂದರೆ ಮುಂದಿನ ಗಾಲಿಯ ಶಾಕ್ ಅಬ್ಸಾರ್ಬರ್, ಆಗಲೇ ಕುಸಿದಿರುತ್ತದೆ, ಪೆಟ್ಟು ತಿನ್ನಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಹತ್ತುವ ಹೊತ್ತಿಗೆ ಟ್ಯಾಂಕನ್ನು ತೊಡೆಯಿಂದ ಹಿಡಿದು, ಫುಟ್‌ರೆಸ್ಟ್ ಮೇಲೆ ಭಾರ ಹಾಕಿ, ಕುಂಡೆಯನ್ನು ಸೀಟಿನಿಂದ ಎರಡು ಬೆರಳಿನಷ್ಟು ಎತ್ತಿ. ಪೂರ್ತಿ ನಿಲ್ಲಬೇಕಾಗಿಲ್ಲ. ಸೀಟಿನ ಗುದ್ದು ಬೆನ್ನಿಗೆ ಬರದೆ ಮೊಣಕಾಲಿನಲ್ಲಿ ಕರಗುತ್ತದೆ. ಮೊದಲ ವಾರ ತೊಡೆ ನೋಯುತ್ತದೆ, ಆಮೇಲೆ ರೂಢಿಯಾಗುತ್ತದೆ.

ಮತ್ತೆ, ನಿಲ್ಲಿಸಿ. 30-40 ನಿಮಿಷಕ್ಕೊಮ್ಮೆ ಇಳಿದು ಎರಡು ನಿಮಿಷ ನಡೆದಾಡಿ, ಟೊಂಕದ ಮೇಲೆ ಎರಡೂ ಕೈ ಇಟ್ಟು ನೋವಾಗದಷ್ಟು ಹಿಂದಕ್ಕೆ ಬಾಗಿ. ಕಲಬುರಗಿಯಿಂದ ಬೀದರಿಗೆ ಹೋಗುವವರು ಕಮಲಾಪುರದಲ್ಲಿ ಒಂದು ಸಲ, ಹುಮನಾಬಾದಿನಲ್ಲಿ ಒಂದು ಸಲ ಇಳಿದರೂ ಅಷ್ಟು ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ನೀರು ಕುಡಿಯಲಿಕ್ಕಾದರೂ ನಿಲ್ಲಲೇಬೇಕು ಅಲ್ವಾ?

ಗಾಡಿ ನಿಲ್ಲಿಸುವಾಗಲೂ ಟೊಂಕ ಹಿಡಿಯುತ್ತದೆ. ಡಬಲ್ ಸ್ಟ್ಯಾಂಡ್ ಹಾಕುವಾಗ ಕೈಯಿಂದ ಗಾಡಿ ಎತ್ತಬಾರದು. ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗಿಸಿ, ಅದರ ಮೇಲೆ ಬಲಗಾಲಿಟ್ಟು ಮೈಭಾರ ಪೂರ್ತಿ ಬಿಟ್ಟರೆ ಗಾಡಿ ತಾನೇ ಹಿಂದಕ್ಕೆ ಏರುತ್ತದೆ.

ಹಿಂದೆ ಕೂರುವವರ ಬೆನ್ನು

ಓಡಿಸುವವರಿಗಿಂತ ಹಿಂದಿನವರಿಗೆ ಪೆಟ್ಟು ಜಾಸ್ತಿ. ಅವರು ಹಿಂದಿನ ಗಾಲಿಯ ಮೇಲೇ ಕೂತಿರುತ್ತಾರೆ, ತಗ್ಗು ಬರೋದೂ ಅವರಿಗೆ ಕಾಣುವುದಿಲ್ಲ. ಸೀರೆ ಉಟ್ಟು ಒಂದೇ ಬದಿ ಕೂತರೆ ಬೆನ್ನು ತಿರುಚಿಕೊಂಡಿರುತ್ತದೆ, ತಿರುಚಿದ ಬೆನ್ನಿನ ಮೇಲೆ ಬೀಳುವ ಪೆಟ್ಟು ಡಿಸ್ಕಿಗೆ ತುಂಬಾ ಕೆಟ್ಟದ್ದು. ಟೊಂಕ ನೋವಿರುವ ಅವ್ವನನ್ನೋ ಅಕ್ಕನನ್ನೋ ಕೂರಿಸಿಕೊಂಡು ಹೋಗುವಾಗ "ಹಂಪ್ ಬಂತು" ಅಂತ ಒಂದು ಮಾತು ಹೇಳಿ. ಅಷ್ಟರಲ್ಲೇ ಅವರ ಮೈ ಸಿದ್ಧವಾಗುತ್ತದೆ. ಎರಡು ಬದಿ ಕಾಲು ಹಾಕಿ ಕೂರಲು ಆಗುವ ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು.

ಯಾವ ಗಾಡಿ?

ಗಾಲಿ ದೊಡ್ಡದಿದ್ದಷ್ಟೂ ತಗ್ಗು ಸಣ್ಣದಾಗುತ್ತದೆ. ಸ್ಪ್ಲೆಂಡರ್‌ನಂಥ ಬೈಕಿಗೆ 18 ಇಂಚಿನ ಗಾಲಿ, ಆಕ್ಟಿವಾ 6ಜಿಗೆ ಮುಂದೆ 12, ಹಿಂದೆ 10. ಅದೇ ತಗ್ಗಿನಲ್ಲಿ ಸ್ಕೂಟರ್ ಗಾಲಿ ಪೂರ್ತಿ ಇಳಿಯುತ್ತದೆ, ಬೈಕಿನದು ಮೇಲಿನಿಂದ ದಾಟುತ್ತದೆ. ಸ್ಕೂಟರಿನಲ್ಲಿ ಕಾಲು ಮುಂದಿರುವುದರಿಂದ ಕುಂಡೆ ಎತ್ತಲೂ ಕಷ್ಟ. ಸಿಟಿಯ ಒಳಗೆ, ಸೂಪರ್ ಮಾರ್ಕೆಟ್‌ಗೆ ಹೋಗಿ ಬರಲು ಸ್ಕೂಟರ್ ಸಾಕು. ಊರಿಂದೂರಿಗೆ ಬೇಡ. ಕಾಲು ಬಹಳ ಮುಂದೆ ಚಾಚುವ ಕ್ರೂಸರ್ ನೋಡಲು ಆರಾಮ ಕುರ್ಚಿ, ಆದರೆ ಭಾರವೆಲ್ಲ ಬೆನ್ನಿನ ತುದಿಗೆ. ಬಹಳ ಬಾಗಿಸುವ ಸ್ಪೋರ್ಟ್ಸ್ ಬೈಕು ಟೊಂಕಕ್ಕೂ ಮಣಿಕಟ್ಟಿಗೂ ಕಷ್ಟ. ಭಾರದ ಗಾಡಿ ಕೆಟ್ಟ ರಸ್ತೆಯಲ್ಲಿ ತೂಗಾಡದೆ ಹೋಗುತ್ತದೆ ನಿಜ, ಆದರೆ 195 ಕಿಲೋದ ಕ್ಲಾಸಿಕ್ 350ಯನ್ನು ಅಂಗಳದಿಂದ ಹಿಂದಕ್ಕೆ ನೂಕುವುದು ಬೇರೆ, 112 ಕಿಲೋದ ಸ್ಪ್ಲೆಂಡರ್ ನೂಕುವುದು ಬೇರೆ. ಕೊಳ್ಳುವ ಮೊದಲು ಓಡಿಸಿ ನೋಡಿದರೆ ಸಾಲದು, ನೂಕಿಯೂ ನೋಡಿ. ಎರಡೂ ಪಾದ ನೆಲಕ್ಕೆ ಊರಬೇಕು.

ಬೆಲ್ಟು, ಮಾತ್ರೆ, ಎಂಆರ್‌ಐ

ಬೆಲ್ಟ್ ಕಟ್ಟಿಕೊಂಡರೆ ನೆಟ್ಟಗೆ ಕೂರಬೇಕು ಅನ್ನೋ ನೆನಪು ಇರುತ್ತದೆ, ನೋವು ಜಾಸ್ತಿ ಇರುವ ದಿನ ಕೆಲವರಿಗೆ ಆಸರೆಯಾಗುತ್ತದೆ. ಅದು ನೋವು ಬಾರದಂತೆ ತಡೆಯುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ದಿನಾ ನಡೆಯೋದು, ಫಿಸಿಯೋಥೆರಪಿಯವರು ಹೇಳಿಕೊಡುವ ಹೊಟ್ಟೆ-ಬೆನ್ನು-ಸೊಂಟದ ವ್ಯಾಯಾಮ ಮಾಡೋದು ಅದಕ್ಕಿಂತ ದೂರ ಕರೆದುಕೊಂಡು ಹೋಗುತ್ತವೆ.

ನೋವಿಗೆ ಕೊಡುವ ಕೆಲವು ಮಾತ್ರೆ ನಿದ್ದೆ ತರುತ್ತವೆ. ಸ್ನಾಯು ಸಡಿಲಿಸುವ ಮಾತ್ರೆಗಳು, ನರದ ನೋವಿಗೆ ಕೊಡುವ ಪ್ರೆಗಾಬಾಲಿನ್, ಗ್ಯಾಬಾಪೆಂಟಿನ್ ಈ ಜಾತಿಯವು. ತೊಗೊಂಡು ಗಾಡಿ ಹತ್ತಬಹುದೇ ಅಂತ ಡಾಕ್ಟರನ್ನು ಕೇಳಿಯೇ ಹತ್ತಬೇಕು.

ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದರೆ ಹೆದರಬೇಡಿ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ, ಬೆನ್ನುನೋವೇ ಇಲ್ಲದ 20ರ ವಯಸ್ಸಿನವರಲ್ಲೂ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬಿತ್ತು, 80ರ ವಯಸ್ಸಿನವರಲ್ಲಿ 84 ಜನರಿಗೆ. ಚಿತ್ರದಲ್ಲಿ ಕಂಡದ್ದೇ ನೋವಿಗೆ ಕಾರಣ ಅಂತ ಆಗಲೇಬೇಕಾಗಿಲ್ಲ.

ಹೆದರಬೇಕಾದವು ಬೇರೆ ಇವೆ. ಮೂತ್ರ ಬಾರದೆ ಕಟ್ಟಿಕೊಳ್ಳುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ಸೀಟಿಗೆ ತಾಗುವ ಜಾಗ ಜೋಮು ಹಿಡಿದು ಸ್ಪರ್ಶ ಗೊತ್ತಾಗದಿರುವುದು, ಪಾದ ಎತ್ತಲು ಬಾರದೆ ಚಪ್ಪಲಿ ಜಾರುವುದು. ಇವು ಕಂಡರೆ ನಾಳೆ ನೋಡೋಣ ಅನ್ನಬೇಡಿ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಬೆನ್ನುನೋವು, ಬಿದ್ದ ಮೇಲೆ ಶುರುವಾದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೂ ತಡ ಮಾಡದೆ ತೋರಿಸಬೇಕು.

ದಾರಿಯಲ್ಲೇ ಹಿಡಿದುಬಿಟ್ಟರೆ

ನನಗೆ ಒಮ್ಮೆ ಆಗಿದೆ. ಮಳಖೇಡ ದಾಟಿ ಬರುವಾಗ ಟೊಂಕ ಕಳಕ್ ಅಂದು, ಗಾಡಿ ಇಳಿಯಲೂ ಆಗದೆ ಬೇವಿನ ಗಿಡಕ್ಕೆ ಕೈ ಕೊಟ್ಟು ನಿಂತುಬಿಟ್ಟೆ. ಆಗ ಹಟ ಮಾಡಿ ಓಡಿಸಬಾರದು, ತುರ್ತು ಬ್ರೇಕ್ ಹಿಡಿಯಲು, ಕಾಲು ಊರಲು ಮೈ ಮಾತು ಕೇಳುವುದಿಲ್ಲ. ನೆರಳು ನೋಡಿ ಅಂಗಾತ ಮಲಗಿ, ಮೀನಖಂಡ ಎರಡನ್ನೂ ಹೊಲದ ಬದುವಿನ ಮೇಲೋ ಕಲ್ಲಿನ ಮೇಲೋ ಇಡಿ, ತೊಡೆ ನೆಟ್ಟಗೆ ಮೇಲಕ್ಕಿರಲಿ. ಹತ್ತು ಹದಿನೈದು ನಿಮಿಷದಲ್ಲಿ ಸ್ನಾಯುವಿನ ಬಿಗಿ ಸಾಮಾನ್ಯವಾಗಿ ಸಡಿಲವಾಗುತ್ತದೆ. ಏಳುವಾಗ ಮಗ್ಗುಲಾಗಿ, ಕೈ ಊರಿ ಏಳಿ. ಆಮೇಲೆ ಗಾಡಿಯ ಕೀಲಿಯನ್ನು ಹತ್ತಿರದ ಹೋಟೆಲಿನಲ್ಲಿ ಗುರುತಿನವರ ಹತ್ತಿರ ಕೊಟ್ಟು ಬಸ್ ಹತ್ತಿ. ನಾನು ಅವತ್ತು ಹಾಗೇ ಮಾಡಿದೆ, ಗಾಡಿಯನ್ನು ಮರುದಿನ ತಮ್ಮ ಹೋಗಿ ತಂದ.